ಎರಡರಿಂದ ನಾಲ್ಕರವರೆಗೆ

ಸ್ವಾತಂತ್ರ್ಯ ಎಂದರೆ ಏನು ಎಂದು ಯಾರಾದರೂ ನನ್ನನ್ನು ಕೇಳಿದರೆ, ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಎಂದು ಹೇಳುತ್ತೇನೆ. ಯಾರೂ ಕೇಳಿಲ್ಲ ಎನ್ನುವುದು ಬೇರೆ ಮಾತು. ಅರವತ್ತು ದಾಟಿದ ಹೆಂಗಸಿನ ಹತ್ತಿರ ಜನ ಪತ್ರೊಡೆಯ ಹದ ಕೇಳುತ್ತಾರೆ, ಕುಚ್ಚಲಕ್ಕಿ ಎಲ್ಲಿ ಒಳ್ಳೆಯದು ಸಿಗುತ್ತದೆ ಎಂದು ಕೇಳುತ್ತಾರೆ, ಮಗಳಿಗೆ ಕನ್ನಡ ಯಾಕೆ ಸರಿಯಾಗಿ ಬರುವುದಿಲ್ಲ ಎಂದೂ ಕೇಳುತ್ತಾರೆ. ಸ್ವಾತಂತ್ರ್ಯದಂಥ ದೊಡ್ಡ ವಿಷಯ ಕೇಳುವುದಿಲ್ಲ. ಆದ್ದರಿಂದ ಕೇಳದೆಯೇ ಹೇಳಿಬಿಡುತ್ತಿದ್ದೇನೆ.

ನಮ್ಮ ಮನೆ ಇರುವುದು ಸಯನ್‌ನ ಒಂದು ಹಳೆಯ ಬಿಲ್ಡಿಂಗಿನ ಎರಡನೇ ಮಾಳಿಗೆಯಲ್ಲಿ. ಒಂದು ಹಾಲ್, ಒಂದು ಅಡುಗೆಮನೆ, ಎರಡರ ನಡುವೆ ಒಂದು ಪರದೆ. ನಮ್ಮವರು ಬೈಕುಲ್ಲಾದ ಮಾರ್ಕೆಟ್ಟಿನ ಪಕ್ಕದ ಒಂದು ಉಡುಪಿ ಹೋಟೆಲಿನಲ್ಲಿ ಮ್ಯಾನೇಜರ್ ಆಗಿದ್ದರು. ಬೆಳಗಿನ ಇಡ್ಲಿಯ ಹೊತ್ತಿಗೆ ಮನೆ ಬಿಟ್ಟರೆ ಮರಳುವುದು ಊಟದ ಕೊನೆಯ ಗಿರಾಕಿ ಕೈತೊಳೆದ ಮೇಲೆ. ಮಗಳು ಶ್ರುತಿ ಮೊದಲು ಶಾಲೆಗೆ, ಆಮೇಲೆ ಕಾಲೇಜಿಗೆ, ಆಮೇಲೆ ಆಫೀಸಿಗೆ ಹೋದಳು. ಕೊನೆಗೆ ಮದುವೆಯಾಗಿ ಗೋರೆಗಾಂವಿಗೇ ಹೋದಳು. ಹೀಗಾಗಿ ಎಷ್ಟೋ ವರ್ಷ ಮಧ್ಯಾಹ್ನ ಎರಡು ಹೊಡೆಯುವ ಹೊತ್ತಿಗೆ ನಮ್ಮ ಮನೆಯಲ್ಲಿ ನಾನೊಬ್ಬಳೇ. ಪಾತ್ರೆ ತೊಳೆದಾಗಿರುತ್ತಿತ್ತು. ನಾಲ್ಕಕ್ಕೆ ನೀರು ಬರುವವರೆಗೆ ಯಾರಿಗೂ ನಾನು ಬೇಕಿರಲಿಲ್ಲ.

ಆ ಎರಡು ಗಂಟೆ ನಾನು ಏನು ಮಾಡುತ್ತಿದ್ದೆ ಎಂದರೆ, ಏನೂ ಇಲ್ಲ. ಇದನ್ನು ಗಂಡಸರಿಗೆ ವಿವರಿಸುವುದು ಕಷ್ಟ. ಅವರು ಏನೂ ಮಾಡದಿದ್ದಾಗ ಕನಿಷ್ಠಪಕ್ಷ ದೇಶದ ಸ್ಥಿತಿಯ ಬಗ್ಗೆ ಚಿಂತಿಸುತ್ತಾರೆ. ನಾನು ಅದನ್ನೂ ಮಾಡುತ್ತಿರಲಿಲ್ಲ. ಕೂದಲು ಬಿಚ್ಚಿ ಫ್ಯಾನಿನ ಕೆಳಗೆ ನೆಲದ ಮೇಲೆ ಉದ್ದಕ್ಕೆ ಮಲಗುತ್ತಿದ್ದೆ. ಯಾವುದೋ ಮದುವೆಮನೆಯಲ್ಲಿ ನಾದಿನಿ ಆಡಿದ ಚುಚ್ಚುಮಾತಿಗೆ ಆಗ ಹೊಳೆಯದ ಉತ್ತರ ಹತ್ತು ವರ್ಷ ತಡವಾಗಿ ಹೊಳೆದರೆ, ಅದನ್ನು ಫ್ಯಾನಿಗೆ ಗಟ್ಟಿಯಾಗಿ ಹೇಳುತ್ತಿದ್ದೆ. ಫ್ಯಾನು ತಲೆ ಅಲ್ಲಾಡಿಸಿ ಒಪ್ಪುತ್ತಿತ್ತು. ನಿದ್ದೆ ಬಂದರೆ ನಿದ್ದೆ, ಇಲ್ಲದಿದ್ದರೆ ಇಲ್ಲ. ನಾಲ್ಕಕ್ಕೆ ಎದ್ದು ಕೂದಲು ಕಟ್ಟಿದರೆ ಮತ್ತೆ ನಾನು ಹೆಂಡತಿ, ತಾಯಿ, ಎರಡನೇ ಮಾಳಿಗೆಯ ವಸಂತಿ ಆಂಟಿ.

ಕನ್ನಡದಲ್ಲಿ ‘ಬಿಡುವು’ ಎಂಬ ಶಬ್ದವಿದೆ, ‘ಬಿಡುಗಡೆ’ ಎಂಬ ಶಬ್ದವೂ ಇದೆ. ಎರಡೂ ಒಂದೇ ತಾಯಿಯ ಮಕ್ಕಳು. ಬಿಡುಗಡೆಗಾಗಿ ಋಷಿಗಳು ಗಡ್ಡ ಬೆಳೆಸಿ ಕಾಡಿಗೆ ಹೋದರು. ಬಿಡುವಿಗಾಗಿ ಹೆಂಗಸರು ಪಾತ್ರೆ ಬೇಗ ತೊಳೆದು ಮುಗಿಸಿದರು. ಈ ಇಬ್ಬರು ಅಕ್ಕತಂಗಿಯರ ನಡುವೆ ‘ಬಿಡೆ’ ಎಂಬ ಮೂರನೆಯವಳೂ ಇದ್ದಾಳೆ. ಬಿಡೆ ಎಂದರೆ ದಾಕ್ಷಿಣ್ಯ. ನನ್ನ ಅನುಭವದಲ್ಲಿ ಮೊದಲ ಇಬ್ಬರೂ ಬಾಗಿಲ ಹತ್ತಿರ ಬಂದಾಗಲೆಲ್ಲ ಅವರನ್ನು ಹೊರಗೇ ನಿಲ್ಲಿಸಿದವಳು ಈ ಮೂರನೆಯವಳೇ.

ಈಗ ವಿಷಯಕ್ಕೆ ಬರುತ್ತೇನೆ. ಕೆಲವು ವರ್ಷಗಳ ಹಿಂದೆ ಹೋಟೆಲಿನ ಮಾಲೀಕರು ತೀರಿಕೊಂಡು, ಮಕ್ಕಳು ಅದಕ್ಕೆ ಗಾಜಿನ ಬಾಗಿಲು ಹಾಕಿಸಿ, ಇಡ್ಲಿಯನ್ನು ಕೋಲಿಗೆ ಚುಚ್ಚಿ ಮಾರಲು ಶುರುಮಾಡಿದರು. ನಮ್ಮವರು ಒಂದು ಶಾಲು, ಒಂದು ಗೋಡೆ ಗಡಿಯಾರ ಹಿಡಿದುಕೊಂಡು ಮನೆಗೆ ಬಂದರು. ಗಡಿಯಾರ ನೋಡುವ ಕೆಲಸ ಮುಗಿದವರಿಗೇ ಎಲ್ಲರೂ ಯಾಕೆ ಗಡಿಯಾರ ಕೊಡುತ್ತಾರೋ ನನಗೆ ಇಂದಿಗೂ ಅರ್ಥವಾಗಿಲ್ಲ.

ಮೊದಲ ವಾರ ಹಬ್ಬದಂತಿತ್ತು. ಜೊತೆಗೆ ಕುಳಿತು ಉಂಡೆವು, ಮಾಟುಂಗಾದವರೆಗೆ ನಡೆದು ಹೋಗಿ ಹೂವು ತಂದೆವು. ಎರಡನೇ ವಾರ ಅವರ ಕಣ್ಣು ನನ್ನ ಅಡುಗೆಮನೆಯ ಮೇಲೆ ಬಿತ್ತು. ನಾವು ಮನೆಯಲ್ಲಿ ಆಡುವುದು ತುಳು, ನಡುನಡುವೆ ಮುಂಬಯಿಯ ಎಲ್ಲ ಭಾಷೆಗಳ ಒಗ್ಗರಣೆ. ನಿಮಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

‘ಇವಳೇ, ಕೊತ್ತಂಬರಿ ದಂಟು ಬಿಸಾಡ್ತೀಯಲ್ಲ. ನಮ್ಮಲ್ಲಿ ಅದನ್ನು ಸಾರಿಗೆ ಹಾಕ್ತಿದ್ದರು.’

‘ಇದು ಹೋಟೆಲ್ ಅಲ್ಲ.’

‘ಅದು ಗೊತ್ತುಂಟು. ಹೋಟೆಲ್ ಆಗಿದ್ದರೆ ಇಷ್ಟು ಹೊತ್ತಿಗೆ ನಾಲ್ಕು ಪಂಕ್ತಿ ಊಟ ಎದ್ದು ಹೋಗಿರ್ತಿತ್ತು.’

ಜಗಳ ಮಾಡುವಂಥ ಮಾತಲ್ಲ. ಅವರು ಒಳ್ಳೆಯವರು, ದನಿ ಎತ್ತಿದವರಲ್ಲ. ಡಬ್ಬಿಗಳನ್ನು ಎತ್ತರದ ಪ್ರಕಾರ ಜೋಡಿಸಿಟ್ಟರು. ನಾನು ಉಂಡು ಏಳುವ ಮೊದಲೇ ನನ್ನ ಮುಂದಿನ ಜಾಗ ಒರೆಸಿದರು. ಆದರೆ ಕಷ್ಟ ಶುರುವಾಗುತ್ತಿದ್ದದ್ದು ಎರಡು ಗಂಟೆಗೆ. ಹೋಟೆಲಿನವರಿಗೆ ಮಧ್ಯಾಹ್ನ ಎರಡು ಎಂದರೆ ಯುದ್ಧಕಾಲ. ಆ ಹೊತ್ತಿನಲ್ಲಿ ನಿಂತು ನಿಂತು ಅಭ್ಯಾಸವಾದ ಮೈಗೆ ನಿದ್ದೆ ಎಂಬುದೇ ಗೊತ್ತಿಲ್ಲ. ಎಲ್ಲರೂ ತೂಕಡಿಸುವ ವೇಳೆಗೆ ಅವರು ದಿನದಲ್ಲೇ ಅತ್ಯಂತ ಎಚ್ಚರದಲ್ಲಿರುತ್ತಿದ್ದರು. ನಾನು ನೆಲಕ್ಕೆ ತಲೆ ಕೊಟ್ಟರೆ, ‘ಮಲಗಿದ್ಯಾ?’ ಎಂದು ಕೇಳುವರು. ಇಲ್ಲ ಎಂದರೆ ಮಾತು ಶುರು. ಹೌದು ಎಂದರೆ, ‘ಮಲಗಿದವರು ಮಾತಾಡುದುಂಟಾ?’ ಎಂದು ನಗುವರು. ನಾದಿನಿಗೆ ಕೊಡಬೇಕಾದ ಉತ್ತರಗಳೆಲ್ಲ ಗಂಟಲಲ್ಲೇ ಉಳಿದವು. ಅವಳು ಅವರ ತಂಗಿ ತಾನೇ.

ಗಂಡನ ಜೊತೆ ಇರಲು ಬೇಸರವೇ ಎಂದು ನೀವು ಕೇಳಬಹುದು. ಬೇಸರವಲ್ಲ. ಪಾಯಸ ಎಷ್ಟು ಇಷ್ಟವಾದರೂ ಅದರಲ್ಲಿ ಸ್ನಾನ ಮಾಡಲಾಗುವುದಿಲ್ಲ, ಅಷ್ಟೇ.

ಹೊರಗೆ ಎಲ್ಲಾದರೂ ಎರಡು ಗಂಟೆ ಸುಮ್ಮನೆ ಕುಳಿತು ಬರೋಣ ಎಂದು ಹೊರಟೆ. ಆಗ ತಿಳಿಯಿತು, ಇಷ್ಟು ದೊಡ್ಡ ಮುಂಬಯಿಯಲ್ಲಿ ಒಬ್ಬ ಹೆಂಗಸು ಸುಮ್ಮನೆ ಕುಳಿತುಕೊಳ್ಳಲು ಜಾಗವೇ ಇಲ್ಲವೆಂದು. ದೇವರು ಮಧ್ಯಾಹ್ನ ಬಾಗಿಲು ಹಾಕಿಕೊಂಡು ಮಲಗುತ್ತಾನೆ; ಅವನಿಗೆ ಆ ಅನುಕೂಲವಿದೆ. ಗಾರ್ಡನ್ನಿನ ಗೇಟಿಗೆ ಬೀಗ. ಸ್ಟೇಷನ್ನಿನ ಬೆಂಚಿನಲ್ಲಿ ಕುಳಿತೆ. ಮೂರು ಟ್ರೇನ್ ಹೋದರೂ ಹತ್ತದೆ ಕುಳಿತವಳನ್ನು ನೋಡಿ ಪೊಲೀಸ್ ಹುಡುಗಿಯೊಬ್ಬಳು ಬಂದು, ‘ಮಾವ್ಶಿ, ಕುಠೆ ಜಾಯ್ಚಂಯ?’ ಎಂದು ಮೃದುವಾಗಿ ಕೇಳಿದಳು. ಎಲ್ಲಿಗೂ ಹೋಗಬೇಕಾಗಿಲ್ಲ ಎಂದರೆ ಅವಳ ಮುಖದಲ್ಲಿ ಗಾಬರಿ. ಈ ಊರಿನಲ್ಲಿ ಎಲ್ಲಿಗೂ ಹೋಗದಿರುವುದೇ ಅತ್ಯಂತ ಸಂಶಯಾಸ್ಪದ ಕೆಲಸ.

ಆಮೇಲೆ ನನಗೊಂದು ಬುದ್ಧಿ ಹೊಳೆಯಿತು. ಆಸ್ಪತ್ರೆಯಲ್ಲಿ ಕುಳಿತವರನ್ನು ಯಾರೂ ಯಾಕೆ ಬಂದೆ ಎಂದು ಕೇಳುವುದಿಲ್ಲವಲ್ಲ. ಒಂದು ದೊಡ್ಡ ಆಸ್ಪತ್ರೆಯ ಜಗಲಿಯಲ್ಲಿ ಜನರ ನಡುವೆ ಒಂದು ಮೂಲೆ ಹಿಡಿದು ಕುಳಿತೆ. ಪಕ್ಕದಲ್ಲಿ ವಿಜಯಪುರದ ಕಡೆಯ ಹೆಂಗಸು. ನನ್ನ ಕೈಚೀಲದ ಮೇಲಿನ ಕನ್ನಡ ಅಕ್ಷರ ನೋಡಿ ಮಾತಿಗೆ ತೊಡಗಿದಳು. ಬಿಲ್ಡಿಂಗ್ ಕಟ್ಟುವ ಕೆಲಸದಲ್ಲಿ ಅವಳ ಗಂಡನ ಕಾಲು ಮುರಿದಿತ್ತು; ಒಳಗೆ ಪ್ಲಾಸ್ಟರ್ ಹಾಕುತ್ತಿದ್ದರು. ತನ್ನ ಚಹಾದಲ್ಲಿ ಅರ್ಧ ನನಗೆ ಕೊಟ್ಟು ಕೇಳಿದಳು:

‘ನಿಮ್ಮವರು ಯಾರ್ ಅದಾರ್ರಿ ಅಕ್ಕಾರ ಒಳಗ?’

ಸುಳ್ಳು ಹೇಳಲು ಬಾಯಿ ಬರಲಿಲ್ಲ. ‘ನಮ್ಮ ಯಜಮಾನರು ಮನೆಯಲ್ಲಿದ್ದಾರೆ’ ಎಂದೆ.

‘ಏನಾಗೈತ್ರಿ ಅವರಿಗೆ?’

‘ರಿಟೈರ್ ಆಗಿದ್ದಾರೆ.’

ಅವಳು ನನ್ನನ್ನೇ ಒಂದು ಗಳಿಗೆ ನೋಡಿದಳು. ಅಷ್ಟು ಕಷ್ಟದ ನಡುವೆಯೂ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ‘ಅದಕ್ಕ ಇಲ್ಲಿ ವಾರ್ಡ್ ಇಲ್ರಿ ಅಕ್ಕಾರ’ ಎಂದಳು. ನಾನೂ ನಕ್ಕೆ. ಆದರೆ ನಿಜವಾಗಿ ನೊಂದವರ ಜಾಗದಲ್ಲಿ ನಾನು ಬಿಡುವು ಹುಡುಕಿಕೊಂಡು ಕುಳಿತದ್ದು ಸರಿಯಲ್ಲ ಎನಿಸಿತು. ಅವಳ ಗಂಡನನ್ನು ಹೊರಗೆ ತರುವವರೆಗೆ ಜೊತೆಗಿದ್ದು, ಟ್ಯಾಕ್ಸಿಗೆ ಹತ್ತಿಸಿ ಬಂದೆ. ಮತ್ತೆ ಅಲ್ಲಿಗೆ ಹೋಗಲಿಲ್ಲ.

ಕೊನೆಗೆ ನನ್ನನ್ನು ಉದ್ಧರಿಸಿದ್ದು ಒಂದು ಬಸ್ಸು. ಸಯನ್‌ನಿಂದ ಗೋರೆಗಾಂವ್ ಕಡೆಗೆ ಹೋಗುವುದು. ಮಧ್ಯಾಹ್ನ ಅರ್ಧ ಖಾಲಿ. ಲೇಡೀಸ್ ಸೀಟಿನಲ್ಲಿ ಕಿಟಕಿಯ ಪಕ್ಕ ಕುಳಿತರೆ, ಹೋಗಿ ಬರಲು ಎರಡು ಗಂಟೆ; ಟ್ರಾಫಿಕ್ ಕೃಪೆ ಮಾಡಿದರೆ ಇನ್ನೂ ಸ್ವಲ್ಪ ಹೆಚ್ಚು. ಬಸ್ಸಿನಲ್ಲಿ ಕುಳಿತವಳನ್ನು ಯಾರೂ ಏನೂ ಕೇಳುವುದಿಲ್ಲ, ಯಾಕೆಂದರೆ ಅವಳು ಎಲ್ಲಿಗೋ ಹೋಗುತ್ತಿದ್ದಾಳೆ. ಮುಂಬಯಿಯಲ್ಲಿ ಸುಮ್ಮನಿರಬೇಕಾದರೆ ಚಲಿಸುತ್ತಿರಬೇಕು. ಹಿಂದಿನವರು ವಾನಪ್ರಸ್ಥ ಎಂದು ಕಾಡಿಗೆ ಹೋಗುತ್ತಿದ್ದರಂತೆ. ನಮ್ಮ ಕಾಡು ಇರುವುದೂ ಗೋರೆಗಾಂವಿನಲ್ಲೇ. ಅಲ್ಲಿ ಚಿರತೆಗಳೂ ಇವೆ, ಸಿನಿಮಾ ಶೂಟಿಂಗೂ ನಡೆಯುತ್ತದೆ. ಋಷಿಗಳ ಕಾಡಿಗೂ ಆಗಾಗ ಅಪ್ಸರೆಯರು ಬರುತ್ತಿದ್ದರಲ್ಲ, ಹಾಗೆ.

ಮನೆಯಲ್ಲಿ ಏನು ಹೇಳುವುದು? ಹಿಂದಿನ ಗಲ್ಲಿಯ ಬಿಲ್ಡಿಂಗಿನಲ್ಲಿ ಗಿರಿಜಕ್ಕನ ಭಜನಾ ಮಂಡಳಿ ಇದೆ. ಊರ ಕಡೆಯ ಏಳೆಂಟು ಹೆಂಗಸರು ವಾರಕ್ಕೆ ಎರಡು ಮಧ್ಯಾಹ್ನ ಸೇರಿ ಹಾಡುತ್ತಾರೆ. ಬಹಳ ಕಾಲದಿಂದ ನನ್ನನ್ನೂ ಕರೆಯುತ್ತಿದ್ದರು. ‘ನಾನು ಭಜನೆಗೆ ಸೇರಿದೆ’ ಎಂದು ನಮ್ಮವರಿಗೆ ಹೇಳಿದೆ.

‘ನಿನಗೆ ಹಾಡ್ಲಿಕ್ಕೆ ಬರ್ತದಾ?’

‘ದೇವರಿಗೆ ನಡೀತದೆ.’

‘ಹಾಗಾದರೆ ಹೋಗು’ ಎಂದರು. ನಿಜವಾಗಿಯೂ ಒಂದೆರಡು ದಿನ ಹೋಗಿ ಹೆಸರು ಹಾಕಿಸಿ ಬಂದೆ. ಮೂರನೆಯ ಸಲದಿಂದ ಬಸ್ಸು. ‘ಸ್ವತಂತ್ರ’ ಎಂಬ ಶಬ್ದವನ್ನು ಪಂಡಿತರು ಹೇಗೆ ಬಿಡಿಸುತ್ತಾರೋ, ನನಗೆ ಅದರಲ್ಲಿ ಕಾಣುವುದು ಸ್ವಂತ ತಂತ್ರ. ತಂತ್ರ ಎಂಬುದಕ್ಕೆ ಮಗ್ಗ ಎಂಬ ಹಳೆಯ ಅರ್ಥವೂ ಉಂಟೆಂದು ಎಲ್ಲೋ ಓದಿದ ನೆನಪು. ಇರಬಹುದು. ಒಂದು ಸುಳ್ಳು ಅಡ್ಡ, ಒಂದು ಸುಳ್ಳು ಉದ್ದ. ನಾನು ನೇಯ್ದ ಬಟ್ಟೆ ಚೆನ್ನಾಗಿಯೇ ಬರುತ್ತಿತ್ತು.

ಬಸ್ಸಿನ ಸುಖವನ್ನು ಏನೆಂದು ಹೇಳಲಿ? ಗಾಳಿ, ಯಾರದೋ ಬಾಲ್ಕನಿಯ ತುಳಸಿ, ಸಿಗ್ನಲ್ಲಿನಲ್ಲಿ ನಿಂತು ತಮ್ಮಷ್ಟಕ್ಕೆ ಜಗಳವಾಡುವ ಗಂಡಹೆಂಡಿರು. ಒಂದು ನಾಚಿಕೆಯ ವಿಷಯವೂ ಇದೆ. ಮಗಳ ಬಿಲ್ಡಿಂಗಿನ ಮುಂದೆಯೇ ಆ ಬಸ್ಸು ಹಾದುಹೋಗುತ್ತದೆ. ಅವಳಿಗೆ ವಾರಕ್ಕೆ ಎರಡು ದಿನ ಮನೆಯಿಂದಲೇ ಕೆಲಸ. ಸ್ಟಾಪ್ ಬರುತ್ತದೆ, ಕಾಲು ಏಳುವುದಿಲ್ಲ. ಇಳಿದರೆ ಮತ್ತೆ ತಾಯಿಯಾಗಬೇಕು. ಅವಳ ಫ್ರಿಜ್ಜಿನಲ್ಲಿ ಬಾಡಿದ ಸೊಪ್ಪು ನೋಡಬೇಕು, ನೋಡಿಯೂ ಸುಮ್ಮನಿರಬೇಕು. ಒಂದು ಸಂಜೆ ಅವಳೇ ಫೋನ್ ಮಾಡಿದಳು.

‘ಅಮ್ಮಾ, ಆಜ್ ಬಸ್ಸಲ್ಲಿ ಸೇಮ್ ನಿನ್ನ ತರ ಒಂದು ಆಂಟಿ ನೋಡಿದೆ. ಸೀರೆ ಭೀ ಸೇಮ್.’

‘ಈ ಊರಿನಲ್ಲಿ ಎಲ್ಲ ಆಂಟಿಯರೂ ಒಂದೇ ತರ ಮಗಾ’ ಎಂದೆ.

‘ಹಾಂ, ಬಟ್ ಅವರು ತುಂಬ ಖುಷ್ ಇದ್ದರು’ ಎಂದಳು ಅವಳು. ಹಾಗಾದರೆ ಅಮ್ಮನಲ್ಲ ಎಂದು ತೀರ್ಮಾನಿಸಿದಳೇನೋ. ಆ ಮಾತು ಎರಡು ದಿನ ನನ್ನ ಮನಸ್ಸಿನಲ್ಲಿ ಕೂತಿತ್ತು.

ಹೀಗೆ ಮಳೆಗಾಲ ಕಳೆದು ಚಳಿ ಬಂತು. ಚಳಿ ಎಂದರೆ ಮುಂಬಯಿಯ ಚಳಿ, ಫ್ಯಾನನ್ನು ಒಂದು ಅಂಕ ಇಳಿಸುವಷ್ಟು. ಒಂದು ಮಧ್ಯಾಹ್ನ ಬಸ್ಸು ಬಾಂದ್ರಾ ದಾಟುವ ಮೊದಲೇ ಕೆಟ್ಟು ನಿಂತಿತು. ಬೇರೆ ಬಸ್ಸಿಗೆ ಕಾಯದೆ ರಿಕ್ಷಾ ಹಿಡಿದು ಮರಳಿದೆ. ಮೂರು ಗಂಟೆಯೂ ಆಗಿರಲಿಲ್ಲ. ನನ್ನ ಕೀಯಿಂದಲೇ ಬಾಗಿಲು ತೆಗೆದೆ. ಹಾಲಿನಲ್ಲಿ ಯಾರೂ ಇಲ್ಲ. ಪರದೆ ಸರಿಸಿದೆ.

ನಮ್ಮವರು ಅಡುಗೆಮನೆಯ ಕಟ್ಟೆಯ ಮೇಲೆ, ಗ್ಯಾಸ್ ಒಲೆಯ ಪಕ್ಕದಲ್ಲಿ, ಬನಿಯನ್ ಕೂಡ ಇಲ್ಲದೆ, ಲುಂಗಿ ಮೊಣಕಾಲ ಮೇಲೆ ಕಟ್ಟಿ, ಕಾಲು ಇಳಿಬಿಟ್ಟು ಕುಳಿತಿದ್ದರು. ತೊಡೆಯ ಮೇಲೆ ಮೊಸರನ್ನದ ಪಾತ್ರೆ. ತಟ್ಟೆಯಿಲ್ಲ, ಚಮಚವಿಲ್ಲ, ಪಾತ್ರೆಗೇ ಕೈ. ಉಪ್ಪಿನಕಾಯಿಯ ಭರಣಿ ತೆರೆದೇ ಇತ್ತು, ಅದಕ್ಕೂ ಅದೇ ಕೈ. ಜೊತೆಗೆ ಏನೋ ಹಾಡು ಗುನುಗುತ್ತಾ ಕಾಲು ಆಡಿಸುತ್ತಿದ್ದರು. ಒಂದು ಹನಿ ಸಾಂಬಾರು ಮೇಜಿಗೆ ಬಿದ್ದರೆ ಮಾಣಿಯನ್ನು ಕರೆಯುತ್ತಿದ್ದ ಮನುಷ್ಯ ಇವರೇ ಹೌದೋ ಎಂದು ನಾನು ನಿಂತು ನೋಡಿದೆ.

ಅವರು ಕಟ್ಟೆಯಿಂದ ಇಳಿಯಲೂ ಆಗದೆ, ಕುಳಿತಿರಲೂ ಆಗದೆ, ‘ಭಜನೆ ಬೇಗ ಮುಗೀತಾ?’ ಎಂದರು.

‘ಬಸ್ ಹಾಳಾಯ್ತು’ ಎಂದುಬಿಟ್ಟೆ.

ಹಿಂದಿನ ಗಲ್ಲಿಗೆ ಬಸ್ಸಿನಲ್ಲಿ ಹೋಗಬೇಕಿಲ್ಲ ಎಂಬುದು ಬಾಯಿಂದ ಮಾತು ಜಾರಿದ ಮೇಲೆ ನೆನಪಾಯಿತು. ಇಬ್ಬರೂ ಸ್ವಲ್ಪ ಹೊತ್ತು ಮೊಸರನ್ನ ನೋಡಿದೆವು.

‘ನೀನು ಭಜನೆಗೆ ಹೋಗುದಿಲ್ಲ ಅಂತ ನನಗೆ ಗೊತ್ತುಂಟು’ ಎಂದರು ಅವರು ಮೆಲ್ಲಗೆ. ‘ಗಿರಿಜಕ್ಕ ತರಕಾರಿಯವನ ಹತ್ತಿರ ಸಿಕ್ಕಿದ್ದರು, ನವರಾತ್ರಿಯ ಸಮಯಕ್ಕೆ. ವಸಂತಿ ಯಾಕೆ ಬರುದಿಲ್ಲ ಅಂತ ಕೇಳಿದರು. ಅವಳಿಗೆ ಮಂಡಿನೋವು, ಮೆಟ್ಟಿಲು ಹತ್ತಿ ಇಳೀಲಿಕ್ಕೆ ಆಗುದಿಲ್ಲ ಅಂದೆ.’

‘ನವರಾತ್ರಿಯಿಂದ ಗೊತ್ತುಂಟಾ? ಮತ್ತೆ ನನ್ನ ಹತ್ತಿರ ಯಾಕೆ ಕೇಳಲಿಲ್ಲ?’

ಅವರು ಪಾತ್ರೆ ಪಕ್ಕಕ್ಕಿಟ್ಟರು. ‘ಕೇಳಿದರೆ ನೀನು ಹೋಗುದು ನಿಲ್ಲಿಸ್ತಿ ಅಂತ ಹೆದರಿದೆ, ಮಾರಾಯ್ತಿ.’

ಆಮೇಲೆ ಅವರು ಹೇಳಿದ್ದನ್ನು ನಾನು ಅದುವರೆಗೆ ಯೋಚಿಸಿಯೇ ಇರಲಿಲ್ಲ. ಊರಲ್ಲಿ ಅವರದು ದೊಡ್ಡ ಕುಟುಂಬ, ಒಂದು ಚಾಪೆಗೆ ಮೂವರು. ಮೀಸೆ ಮೂಡುವ ಮೊದಲೇ ಮುಂಬಯಿಗೆ ಬಂದು ಹೋಟೆಲಿನ ಅಟ್ಟದಲ್ಲಿ ಹನ್ನೆರಡು ಮಂದಿಯ ನಡುವೆ ಮಲಗಿದರು. ಆಮೇಲೆ ಚಾಳಿನ ಒಂದು ಖೋಲಿಯಲ್ಲಿ ನಾಲ್ವರು. ಆಮೇಲೆ ಮದುವೆ, ಈ ಮನೆ, ನಾನು, ಮಗಳು. ಹಗಲೆಲ್ಲ ಗಲ್ಲಾದ ಮುಂದೆ ಜನ. ‘ಒಂದು ಕೋಣೆಯಲ್ಲಿ ಒಬ್ಬನೇ ಇರುದು ಅಂದರೆ ಹೇಗೆ ಅಂತಲೇ ನನಗೆ ಗೊತ್ತಿರಲಿಲ್ಲ. ನೀನು ಭಜನೆಗೆ ಅಂತ ಹೋದೆಯಲ್ಲ, ಆ ದಿನ ಬಾಗಿಲು ಹಾಕಿ ನಿಂತೆ. ಎಂತ ಮಾಡಬೇಕು ಅಂತಲೇ ಗೊತ್ತಾಗಲಿಲ್ಲ. ಒಂದು ರೀತಿ ಹೆದರಿಕೆ ಆಯ್ತು. ಎರಡು ದಿನ ಕಳೆದ ಮೇಲೆ ಅಭ್ಯಾಸ ಆಯ್ತು. ಈಗ ಬೆಳಿಗ್ಗೆಯಿಂದಲೇ ಗಡಿಯಾರ ನೋಡ್ತಾ ಇರ್ತೇನೆ, ಇವಳು ಯಾವಾಗ ಹೊರಡ್ತಾಳೆ ಅಂತ.’

ಇಷ್ಟು ವರ್ಷ ಸಂಸಾರ ಮಾಡಿದ ಗಂಡ, ನೀನು ಯಾವಾಗ ಹೊರಡುತ್ತೀ ಎಂದು ಕಾಯುತ್ತೇನೆ ಎಂದರೆ ಹೆಂಡತಿಯಾದವಳು ಅಳಬೇಕು. ನನಗೆ ಅಳು ಬರಲಿಲ್ಲ. ಅವರ ಮೇಲೆ ಎಂದೂ ಇಲ್ಲದಷ್ಟು ಪ್ರೀತಿ ಬಂತು. ಅಟ್ಟದ ಹನ್ನೆರಡು ಮಂದಿಯ ನಡುವೆ ಮಗ್ಗುಲು ಬದಲಿಸಲು ಜಾಗವಿಲ್ಲದೆ ಮಲಗಿದ ಆ ಹುಡುಗ, ನನ್ನ ಸುಳ್ಳಿನ ಪುಣ್ಯದಿಂದ, ತಲೆ ಪೂರ್ತಿ ನರೆತ ಮೇಲೆ ಕಟ್ಟೆ ಹತ್ತಿ ಕಾಲು ಆಡಿಸುತ್ತಿದ್ದ. ನಾನೂ ಕೈತೊಳೆದು ಬಂದು ಅದೇ ಪಾತ್ರೆಗೆ ಕೈ ಹಾಕಿದೆ. ಬಸ್ಸಿನ ಕತೆ ಎಲ್ಲ ಹೇಳಿದೆ. ಮಗಳು ಕಂಡ ಆಂಟಿಯ ವಿಷಯಕ್ಕೆ ಅವರು ಅನ್ನ ನೆತ್ತಿಗೇರುವಷ್ಟು ನಕ್ಕರು.

ಮರುದಿನದಿಂದ ಎಲ್ಲ ಬಹಿರಂಗ. ಎರಡಕ್ಕೆ ಐದು ನಿಮಿಷ ಇರುವಾಗಲೇ ಅವರು ನನ್ನ ಚಪ್ಪಲಿ ಬಾಗಿಲ ಕಡೆಗೆ ತಿರುಗಿಸಿಡುತ್ತಿದ್ದರು. ಮನುಷ್ಯಸ್ವಭಾವ ನೋಡಿ: ಕದ್ದು ಹೋಗುವಾಗ ಇದ್ದ ರುಚಿಯಲ್ಲಿ ಕಾಲುಭಾಗ ಅಂದೇ ಹೋಯಿತು. ‘ಆರಾಮದಲ್ಲಿ ಬಾ, ಅವಸರವಿಲ್ಲ’ ಎಂದು ಗಂಡ ಬೀಳ್ಕೊಟ್ಟ ಮೇಲೆ ಬೇಗ ಮನೆಗೆ ಹೋಗೋಣ ಎನಿಸುತ್ತದೆ. ಆದರೂ ಉಳಿದ ಮುಕ್ಕಾಲು ಭಾಗ ಸಾಕಾಗಿತ್ತು.

ಅಷ್ಟರಲ್ಲಿ ಅವರು ಹೇಳಿದ ಮಂಡಿನೋವಿಗೆ ಕಾಲು ಬಂತು. ಒಂದು ಗುರುವಾರ ನಾನು ಹೊರಡಲು ಸೀರೆ ಸರಿಮಾಡಿಕೊಳ್ಳುತ್ತಿದ್ದಾಗ ಬೆಲ್ ಆಯಿತು. ತೆರೆದರೆ ಗಿರಿಜಕ್ಕ. ಹಿಂದೆ ಇಡೀ ಮಂಡಳಿ, ತಾಳ, ಹಾರ್ಮೋನಿಯಂ, ಒಂದು ಬಾಟ್ಲಿ ಎಣ್ಣೆ. ಗಿರಿಜಕ್ಕ ನನಗಿಂತ ಐದಾರು ವರ್ಷಕ್ಕೆ ದೊಡ್ಡವರು. ಯಾರಿಗೆ ಏನು ಒಳ್ಳೆಯದು ಎಂಬುದು ಅವರಿಗೆ ಗೊತ್ತಿರುತ್ತದೆ.

‘ನೀನು ನಿಲ್ಲುದು ಬೇಡ ವಸಂತಿ, ಕೂತುಕೋ. ನಿನಗೆ ಬರ್ಲಿಕ್ಕೆ ಆಗುದಿಲ್ಲ ಅಂತ ನಾವೇ ಬಂದೆವು. ಇನ್ನು ಮುಂದೆ ಭಜನೆ ಇಲ್ಲಿಯೇ.’

ನಮ್ಮವರು ಲುಂಗಿ ಇಳಿಸಿಕೊಂಡು, ಅಂಗಿ ಹುಡುಕಿಕೊಂಡು ಅಡುಗೆಮನೆಗೆ ಓಡಿದರು. ನಾನು ಮಂಡಿ ಹಿಡಿದುಕೊಂಡು ಕುಳಿತೆ. ಯಾವ ಮಂಡಿ ಎಂದು ಅವರು ಹೇಳಿದ್ದರೋ ಗೊತ್ತಿಲ್ಲದೆ ಎರಡನ್ನೂ ಹಿಡಿದುಕೊಂಡೆ. ಎರಡಕ್ಕೂ ಎಣ್ಣೆ ಬಿತ್ತು. ಭಜನೆ ಆಯಿತು. ಅಷ್ಟಕ್ಕೇ ಮುಗಿದಿದ್ದರೆ ಒಂದೆರಡು ವಾರದಲ್ಲಿ ತಾನಾಗಿ ನಿಲ್ಲುತ್ತಿತ್ತೋ ಏನೋ. ಆದರೆ ಪರದೆಯ ಹಿಂದೆ ನಮ್ಮವರೊಳಗಿನ ಮ್ಯಾನೇಜರ್ ಎಚ್ಚರವಾಗಿಬಿಟ್ಟಿದ್ದ. ಮನೆ ತುಂಬ ಜನ, ಸಮಯ ಎರಡೂವರೆ; ಪಾಪ, ಅವರ ಕೈ ಸುಮ್ಮನಿರುವುದು ಹೇಗೆ? ಮಂಗಳಾರತಿಯ ಹೊತ್ತಿಗೆ ಗೋಳಿಬಜೆ, ತೆಂಗಿನಕಾಯಿ ಚಟ್ನಿ, ಏಲಕ್ಕಿ ಚಹಾ ಸಾಲಾಗಿ ಬಂದವು. ಹೆಂಗಸರು ಬೆರಗಾದರು. ತಮ್ಮ ಕೈಯಿಂದಲ್ಲದೆ ಬೇರೆಯವರ ಕೈಯಿಂದ ಬಿಸಿಬಿಸಿ ತಿಂದು ಅವರಿಗೆಲ್ಲ ಎಷ್ಟು ಕಾಲವಾಗಿತ್ತೋ.

‘ಸದಾನಂದಣ್ಣ, ನಿಮ್ಮ ಮನೆಯೇ ಸರಿ’ ಎಂದರು ಗಿರಿಜಕ್ಕ. ‘ವಾರಕ್ಕೆ ಎರಡು ದಿನ ಇದ್ದದ್ದನ್ನು ಇನ್ನು ದಿನಾ ಮಾಡುವ.’

ನಮ್ಮವರು ಸಂತೋಷದಿಂದ ತಲೆಯಾಡಿಸಿದರು. ಎಲ್ಲರೂ ಹೋದ ಮೇಲೆ ಖಾಲಿ ತಟ್ಟೆಗಳ ಮುಂದೆ ಕುಳಿತಾಗ ತಾವು ಏನನ್ನು ಒಪ್ಪಿಕೊಂಡೆವೆಂಬುದು ಅವರಿಗೆ ಹೊಳೆಯಿತು.

‘ದಿನಾ ಅಂದರಲ್ಲ’ ಎಂದರು.

‘ಗೋಳಿಬಜೆ ಮಾಡ್ಲಿಕ್ಕೆ ಯಾರು ಹೇಳಿದ್ದು?’

‘ಜನ ಕೂತಿದ್ದರು, ಹೇಗೆ ಬಿಡುದು?’

ಒಂದು ವಾರ ತಡೆದೆವು. ದಿನವೂ ಎರಡು ಗಂಟೆಗೆ ಬೆಲ್, ಎಣ್ಣೆ, ಭಜನೆ, ತಿಂಡಿ. ಅವರಿಗೆ ಕಟ್ಟೆಯಿಲ್ಲ, ನನಗೆ ಬಸ್ಸಿಲ್ಲ. ಕೊನೆಗೆ ಒಂದು ಬೆಳಿಗ್ಗೆ ನಾನೇ ಗಿರಿಜಕ್ಕನ ಮನೆಗೆ ಹೋದೆ. ಅವರ ಮೂರು ಮಾಳಿಗೆ ಹತ್ತಿ ಬಂದ ನನ್ನ ಮಂಡಿಯನ್ನು ಅವರು ನೋಡಿದರು. ಹೇಳಲು ಹೆಚ್ಚೇನೂ ಉಳಿಯಲಿಲ್ಲ, ಆದರೂ ಎಲ್ಲ ಹೇಳಿದೆ: ಎರಡರಿಂದ ನಾಲ್ಕು, ಬಸ್ಸು, ಮೊಸರನ್ನ, ಎಲ್ಲ. ಮಂಡಳಿಯಿಂದ ಹೊರಗೆ ಹಾಕುತ್ತಾರೆ, ಬಿಲ್ಡಿಂಗಿಗೆಲ್ಲ ಹೇಳುತ್ತಾರೆ ಎಂದೇ ಎಣಿಸಿದ್ದೆ.

ಗಿರಿಜಕ್ಕ ಎದ್ದು ಹೋಗಿ ಒಳಗಿನ ಬಾಗಿಲು ಮುಂದೆ ಮಾಡಿ ಬಂದರು. ಒಳಗೆ ಸೊಸೆ ಕಂಪ್ಯೂಟರಿನಲ್ಲಿ ಮೀಟಿಂಗ್ ಮಾಡುತ್ತಿದ್ದಳು, ಮೊಮ್ಮಗ ಏನಕ್ಕೋ ಅಳುತ್ತಿದ್ದ, ಟಿವಿ ತನ್ನಷ್ಟಕ್ಕೆ ಮಾತಾಡುತ್ತಿತ್ತು.

‘ನಾವೆಲ್ಲ ದೇವರ ಮೇಲಿನ ಭಕ್ತಿಯಿಂದಲೇ ಮಧ್ಯಾಹ್ನ ಸೇರುದು ಅಂತ ನೀನು ಎಣಿಸಿದ್ಯಾ?’ ಎಂದರು ತಗ್ಗಿದ ದನಿಯಲ್ಲಿ. ‘ಭಜನೆ ಅಂದರೆ ಯಾರೂ ಬೇಡ ಅನ್ನುದಿಲ್ಲ. ಅದಕ್ಕೆ ಭಜನೆ.’ ಆಮೇಲೆ ಕೇಳಿದರು: ‘ಆ ಬಸ್ಸಿನ ನಂಬರ್ ಎಂತದ್ದು ಅಂದಿ?’

ಹೇಳಿದೆ. ಒಂದು ಷರತ್ತು ಹಾಕಿದೆ: ಲೇಡೀಸ್ ಸೀಟಿನ ಎಡಗಡೆಯ ಕಿಟಕಿ ನನ್ನದು. ನೋಡಿ, ಸ್ವಾತಂತ್ರ್ಯ ಬೇಕೆಂದು ಹೊರಟವಳು ಆಗಲೇ ಜಮೀನಿಗೆ ಬೇಲಿ ಹಾಕುತ್ತಿದ್ದೆ.

ಈಗ ಎಲ್ಲ ಒಂದು ದಾರಿಗೆ ಬಂದಿದೆ. ಗುರುವಾರ ಮಾತ್ರ ಭಜನೆ ನಮ್ಮ ಮನೆಯಲ್ಲಿ. ಆ ದಿನ ನಮ್ಮವರು ಬೆಳಿಗ್ಗೆಯೇ ತಿಂಡಿಗೆ ರುಬ್ಬಿ, ಕರಿದು, ಮುಚ್ಚಿಟ್ಟು, ಎರಡು ಗಂಟೆಗೆ ಬಸ್ ಹತ್ತಿ ಹೋಗುತ್ತಾರೆ. ಮಗಳ ಮನೆಯ ಮುಂದೆ ಇಳಿಯುತ್ತೀರಾ ಎಂದು ಕೇಳಿದೆ. ‘ಇನ್ನೂ ಇಲ್ಲ’ ಎಂದರು. ಬೇರೆ ದಿನ ನಾನು ಹೊರಗೆ, ಅವರು ಒಳಗೆ. ಬಸ್ಸಿನಲ್ಲಿ ಕೆಲವೊಮ್ಮೆ ಗಿರಿಜಕ್ಕ ಸಿಗುತ್ತಾರೆ. ಎರಡು ಸೀಟು ಹಿಂದೆ ಕೂರುತ್ತಾರೆ, ನಾನು ತಿರುಗಿ ನೋಡುವುದಿಲ್ಲ, ಅವರು ಕರೆಯುವುದಿಲ್ಲ. ಇಳಿದ ಮೇಲೆ ಪರಿಚಯದವರಂತೆ ನಗುತ್ತೇವೆ. ಈ ಊರಿನಲ್ಲಿ ಸ್ವಾತಂತ್ರ್ಯವೂ ನಲ್ಲಿಯ ನೀರಿನ ಹಾಗೆ. ಇಡೀ ದಿನ ಯಾರಿಗೂ ಬರುವುದಿಲ್ಲ. ಬಂದಾಗ ಕೊಡ ಹಿಡಿಯಬೇಕು, ತುಂಬಿದ ಮೇಲೆ ಪಕ್ಕದ ಮನೆಯವರಿಗೆ ಬಿಡಬೇಕು.

ಮೊನ್ನೆ ಜುಲೈನ ಒಂದು ಮಧ್ಯಾಹ್ನ ಮಳೆ ಹುಚ್ಚಾಗಿ ಸುರಿಯಿತು. ಸಯನ್‌ನ ರಸ್ತೆಗಳೆಲ್ಲ ಎಂದಿನಂತೆ ಹೊಳೆ. ಲೋಕಲ್ ನಿಂತಿತು, ಬಸ್ಸು ನಿಂತಿತು, ಭಜನೆಯೂ ಇಲ್ಲ. ಎರಡು ಗಂಟೆಗೆ ನಾವಿಬ್ಬರೂ ಮನೆಯಲ್ಲೇ. ಇಬ್ಬರೂ ಸ್ವಲ್ಪ ಹೊತ್ತು ಬಾಲ್ಕನಿಯಲ್ಲಿ ನಿಂತು ನೀರು ಏರುವುದನ್ನು ನೋಡಿದೆವು. ಆಮೇಲೆ ಅವರು ಏನೂ ಹೇಳದೆ ಅಡುಗೆಮನೆಗೆ ಹೋಗಿ ಪರದೆ ಎಳೆದುಕೊಂಡರು. ನಾನು ಹಾಲಿನಲ್ಲಿ ನೆಲದ ಮೇಲೆ ಉದ್ದಕ್ಕೆ ಮಲಗಿದೆ. ಒಳಗೆ ಯಾವುದೋ ಡಬ್ಬಿಯ ಮುಚ್ಚಳ ತೆರೆದ ಸದ್ದು, ಮತ್ತೆ ಗುನುಗು. ಬಹಳ ಹೊತ್ತು ಹಾಗೇ ಕಳೆಯಿತು.

ಪರದೆಯ ಆಚೆಯಿಂದ ಅವರ ದನಿ ಬಂತು. ‘ಇವಳೇ, ನೀನು ಮನೆಯಲ್ಲಿ ಇದ್ದೀಯಾ?’

‘ಇಲ್ಲ’ ಎಂದೆ.

‘ಸರಿ ಹಾಗಾದರೆ’ ಎಂದರು. ‘ನಾನೂ ಇಲ್ಲ.’